ನಾಲ್ಕಡಿ ಹತ್ತಿಂಚು

ತಂಗಿಯ ಶವದ ಮೇಲೆ ಹೊದಿಸಿದ್ದ ಹಾಕಿ ಕ್ಲಬ್ಬಿನ ಬಾವುಟವನ್ನು ಅಕ್ಕ ಎಳೆದು ತೆಗೆದಳು.

"ಯಾರು ಹಾಕಿದ್ದು ಇದನ್ನ?"

"ಬೆಳಿಗ್ಗೆ ಕ್ಲಬ್ಬಿನವರೇ ಬಂದು ಹೊದಿಸಿದ್ರು ಅಕ್ಕ," ಎಂದ ತಂಗಿಯ ಗಂಡ. ಬಸ್ ಡಿಪೋದ ಮೆಕ್ಯಾನಿಕ್. "ಅಧ್ಯಕ್ಷರೂ ಬರ್ತಾರಂತೆ. ಗಲಾಟೆ ಬೇಡ, ಬಿಡಿ."

"ಬದುಕಿದ್ದಾಗ ಗೇಟಿನೊಳಗೆ ಬಿಟ್ಕೊಳ್ಳಲಿಲ್ಲ. ಸತ್ತ ಮೇಲೆ ನಮ್ಮವಳು ಅಂತಾರಾ? ಥೂ!"

ಬಾವುಟವನ್ನು ಮುದ್ದೆ ಮಾಡಿ ಕುರ್ಚಿಯ ಕೆಳಗೆ ತುರುಕಿದಳು.

ತಂಗಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಸಂಜೆ ಪಾಳಿ ಮುಗಿದದ್ದೇ ತಡ, ಕಾರ್ಖಾನೆಯ ಹಿಂದಿನ ಬಯಲಿಗೆ ಓಡಿ ಹುಡುಗಿಯರಿಗೆ ಹಾಕಿ ಕಲಿಸುತ್ತಿದ್ದಳು. ಇಪ್ಪತ್ತು ವರ್ಷ ಕಲಿಸಿದಳು. ಮೊನ್ನೆ ಕೆಲಸದ ಮೇಜಿನ ಪಕ್ಕದಲ್ಲೇ ಕುಸಿದಳು. ಅವಳ ಒಂಬತ್ತು ಹುಡುಗಿಯರು ಈಗ ಬಾಗಿಲಾಚೆ ಸಾಲಾಗಿ ನಿಂತಿದ್ದರು.

"ಕ್ಲಬ್ಬಿನವರು ವರ್ಷಾ ವರ್ಷಾ ಬಂದು ಉದ್ದ ಇದ್ದವರನ್ನ ಮಾತ್ರ ಆರಿಸ್ಕೊಂಡು ಹೋಗೋರು," ಎಂದ ಮೆಕ್ಯಾನಿಕ್. "ಆ ದಿನ ಇವಳಿಗೆ ಊಟ ಸೇರ್ತಿರಲಿಲ್ಲ."

*

ಅಕ್ಕನಿಗೆ ಆಗ ಹದಿನೆಂಟು, ತಂಗಿಗೆ ಹದಿನಾರು. ಕ್ಲಬ್ಬಿನ ಆಯ್ಕೆಗೆ ಇಬ್ಬರೂ ಹೋಗಿದ್ದರು. ತಂಗಿ ಮೂರು ಗೋಲು ಹೊಡೆದಳು, ಎರಡು ಸಲ ಅಕ್ಕನನ್ನೇ ದಾಟಿಕೊಂಡು ಹೋಗಿ. ಅಕ್ಕನಿಗೆ ಬಂದ ಚೆಂಡು ನಿಲ್ಲಿಸಲೂ ಸರಿಯಾಗಿ ಬರುತ್ತಿರಲಿಲ್ಲ.

ಆಟ ಮುಗಿದ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆದರು. ಅಕ್ಕ ಐದಡಿ ಒಂಬತ್ತು. ತಂಗಿ ನಾಲ್ಕಡಿ ಹತ್ತಿಂಚು.

"ಆಟ ಕಲಿಸಬಹುದು ಕಣ್ರೀ, ಎತ್ತರ ಕಲಿಸಕ್ಕಾಗತ್ತಾ?" ಎಂದ ಆಯ್ಕೆಗಾರ. "ಇವಳು ಜೋರು ಗಾಳಿ ಬಂದ್ರೆ ಹಾರಿಹೋಗ್ತಾಳೆ!"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು.

ಆಯ್ಕೆಯಾದದ್ದು ಅಕ್ಕ. ಎರಡು ವರ್ಷ ಅವಳು ಬದಲಿ ಆಟಗಾರ್ತಿಯಾಗಿ ಬೆಂಚು ಕಾದಳು. ಆಮೇಲೆ ಮಂಡಿ ಕೈಕೊಟ್ಟಿತು. ಕ್ಲಬ್ಬಿಗೆ ಹೊರಟ ಮೊದಲ ದಿನ ಬಸ್‌ಸ್ಟಾಪಿನ ತನಕ ಅವಳ ಚೀಲ ಹೊತ್ತು ತಂದವಳು ತಂಗಿ. ಆಯ್ಕೆಯ ದಿನ ತಾನು ನಕ್ಕ ಆ ನಗು ಇವತ್ತಿಗೂ ನೆನಪಾದರೆ ಅಕ್ಕನಿಗೆ ತನ್ನ ಮೇಲೆಯೇ ಹೇಸಿಗೆ.

*

ಹನ್ನೊಂದರ ಹೊತ್ತಿಗೆ ಅದೇ ಆಯ್ಕೆಗಾರ, ಈಗಿನ ಅಧ್ಯಕ್ಷ, ಹೂಗುಚ್ಛ ಹಿಡಿದು ಬಂದ. ಜೊತೆಗೊಬ್ಬ ಫೋಟೋದವನು. ಹೂವಿಟ್ಟು, ಕ್ಯಾಮೆರಾ ಮಿನುಗುವ ತನಕ ಬಗ್ಗಿಯೇ ಇದ್ದ. ಆಮೇಲೆ ಅಕ್ಕನ ಎರಡೂ ಕೈ ಹಿಡಿದುಕೊಂಡ.

"ನಿಮ್ಮ ತಂಗೀನ ಮೊದಲು ಗುರುತಿಸಿದ್ದೇ ನಾನಮ್ಮ. ಅಂಥ ಪ್ರತಿಭೆ ಮುಂದೆ ಎತ್ತರ ಗಿತ್ತರ ಯಾವ ಲೆಕ್ಕ?"

ಅವನ ಅಂಗೈ ಬೆವರಿನಿಂದ ಜಿಗುಟಾಗಿತ್ತು. ಅಕ್ಕ ಕೈ ಕಿತ್ತುಕೊಂಡು ಬಟ್ಟೆಗೆ ಒರೆಸಿಕೊಂಡಳು.

"ಗಾಳಿಗೆ ಹಾರಿಹೋಗ್ತಾಳೆ ಅಂದಿರಿ. ನಾನು ಅಲ್ಲೇ ಇದ್ದೆ."

"ಹಳೇ ಮಾತು ಯಾಕಮ್ಮ ಈಗ..." ಅವನ ಕಣ್ಣು ಆಗಲೇ ಅವಳ ಭುಜ ದಾಟಿ ಬಾಗಿಲಾಚೆ ಹೋಗಿತ್ತು. ದನಿ ತಗ್ಗಿಸಿದ. "ಆ ಕೊನೇ ಹುಡುಗಿ ಎಷ್ಟುದ್ದ ಇರಬಹುದು? ಅಪ್ಪ ಅಮ್ಮನೂ ಉದ್ದಾನಾ?"

ಅಕ್ಕ ಅವನಿಟ್ಟ ಹೂಗುಚ್ಛ ಎತ್ತಿ ಅವನ ಕೈಗೇ ತುರುಕಿದಳು.

"ಹೆಣ ಇನ್ನೂ ಮನೇಲಿದೆ ಸ್ವಾಮಿ. ಹೊರಗೆ ನಡೀರಿ."

ಅವನು ಹೊರಟ. ಹೋಗುತ್ತಲೇ ಹುಡುಗಿಯರ ಸಾಲಿನ ಮೇಲೆ ಕಣ್ಣಾಡಿಸಿದ. ಉದ್ದನೆಯವಳ ಪಕ್ಕದಲ್ಲಿ ಎಲ್ಲರಿಗಿಂತ ಕುಳ್ಳಿಯೊಬ್ಬಳಿದ್ದಳು. 'ಇವಳ ಕೋಲಿಗೆ ಚೆಂಡು ಅಂಟಿಕೊಂಡೇ ಇರತ್ತೆ' ಎಂದು ಹೋದ ವಾರವಷ್ಟೇ ತಂಗಿ ಹಿಗ್ಗಿ ಹೇಳಿದ್ದು ಅವಳ ಬಗ್ಗೆಯೇ. ಬೆಳಗಿನಿಂದ ಅತ್ತು ಅವಳ ಮುಖ ಊದಿತ್ತು. ಅಧ್ಯಕ್ಷನ ನೋಟ ತನ್ನ ಕಡೆ ಬರುತ್ತಿರುವುದನ್ನು ಕಂಡು ಹುಡುಗಿ ಬೇಗ ಬೇಗ ಕೆನ್ನೆ ಒರೆಸಿಕೊಂಡಳು, ಕತ್ತು ನೆಟ್ಟಗೆ ಮಾಡಿದಳು, ಮೆಲ್ಲಗೆ ಎರಡೂ ಹಿಮ್ಮಡಿಗಳನ್ನು ನೆಲದಿಂದ ಮೇಲೆತ್ತಿದಳು.