ಸುಣ್ಣದ ಗೆರೆಯ ಆಚೆ

“ಬಾಜೂಕ ಜಾಗ ಇತ್ತೋ ಇಲ್ಲೋ? ಅಷ್ಟ ಹೇಳ್ರಿ ಕಾಕಾ,” ಎಂದ ರೇಸ್ ಕಮಿಟಿಯ ದೇವಾನಂದ, ಪೆನ್ನಿನ ಮುಚ್ಚಳ ತೆಗೆಯುತ್ತ.

ಮಾಣಿಕಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಕಮಲಾಪುರದ ಹೊರಗೆ ಪ್ರತಿ ವರ್ಷ ನಡೆಯುವ ಬೈಕ್ ರೇಸಿನಲ್ಲಿ ಮೂರನೇ ತಿರುವಿನ ಕಾವಲು ಅವರದು. ಸುಣ್ಣದ ಗೆರೆ ದಾಟಿದವನಿಗೆ ಕೆಂಪು ಝಂಡಾ ಎತ್ತಬೇಕು. ಎತ್ತಿದರೆ ಹತ್ತು ಸೆಕೆಂಡು ದಂಡ.

ಭಾನುವಾರ ಆ ತಿರುವಿನಲ್ಲಿ ಮಾಳಿಂಗ ಬಿದ್ದ. ಹಿಂದೆ ಬಂದ ಯಶವಂತ ಗೆರೆಯ ಒಳಗೇ ಉಳಿದು, ಬಿದ್ದವನ ತೊಡೆಯ ಮೇಲೆ ಗಾಡಿ ಹಾಯಿಸಿದ. ಆಗ ಕೇಳಿದ ಸದ್ದು ಮೂರು ದಿನದಿಂದ ಮಾಣಿಕಪ್ಪನವರನ್ನು ಬಿಟ್ಟಿಲ್ಲ. ಊಟಕ್ಕೆ ಕೂತು ಒಣಗಿದ ಕಟಕ ರೊಟ್ಟಿ ಮುರಿದರೂ ಅದೇ ಸದ್ದು. ಮಾಳಿಂಗ ಇನ್ನೂ ಆಸ್ಪತ್ರೆಯಲ್ಲಿದ್ದಾನೆ. ಯಶವಂತನನ್ನು ಕಾಯಂ ಆಗಿ ರೇಸಿನಿಂದ ತೆಗೆಯಲು ಕಮಿಟಿ ಕಲಬುರಗಿಯ ಜೇವರ್ಗಿ ಕಾಲೋನಿಯ ಈ ಕೋಣೆಯಲ್ಲಿ ಸೇರಿದೆ.

“ಜಾಗ ಇತ್ರಿ.”

“ಅಂದ್ರ ತಪ್ಪಿಸಬಹುದಿತ್ತು.” ದೇವಾನಂದ ಬರೆದ. “ಸಹಿ ಹಾಕ್ರಿ.”

“ಜಾಗ ಇದ್ದದ್ದು ಗೆರಿ ಆಚಿಗ್ರಿ.”

“ಗೊತ್ತದ.”

“ಹೋದ ವರ್ಷ ಅಲ್ಲೇ ನೋಮಾನ್ ಬಿದ್ದಿದ್ದ. ಅವನ್ನ ಉಳಸಾಕ ಇದೇ ಯಶವಂತ ಗೆರಿ ದಾಟಿದ. ನಾ ಝಂಡಾ ಎತ್ತಿದೆ. ಮೊದಲ ಬರಾವ ನಾಲ್ಕನೇದವ ಆದ. ಯಾಕ ದಾಟಿದಿ ಅಂತ ಯಾರೂ ಕೇಳ್ಲಿಲ್ಲ. ನನಗ ಗೊತ್ತಿತ್ತು, ನಾನೂ ಹೇಳ್ಲಿಲ್ಲ. ಅದನ್ನೂ ಬರೀರಿ.”

“ಯಾಕ ದಾಟಿದಿ ಅಂತ ಕೇಳ್ಕೋತ ಕುಂತ್ರ ಅದು ರೇಸ್ ಅಲ್ಲ ಕಾಕಾ, ಕಟ್ಟಿ ಪಂಚಾಯ್ತಿ!” ಪಕ್ಕದಲ್ಲಿದ್ದ ಇಬ್ಬರು ನಕ್ಕರು. ದೇವಾನಂದ ದನಿ ತಗ್ಗಿಸಿದ. “ಬರದ್ರ ತಪ್ಪು ನಿಮ್ಮ ಮ್ಯಾಲ ಬರ್ತದ, ನೋಡ್ರಿ.”

“ಬರ್ಲಿ. ಬರೀದಿದ್ರ ಸಹಿ ಇಲ್ಲ.”

ದೇವಾನಂದ ಮುಖ ಗಂಟಿಕ್ಕಿಕೊಂಡು ಇನ್ನೆರಡು ಸಾಲು ಬರೆದ. ಮಾಣಿಕಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದಿ, ಕೆಳಗೆ ಹೆಸರು ಬರೆದರು. ಬಹಳ ಹೊತ್ತು ಮಾತುಕತೆ ನಡೆದು, ಕಾಯಂ ಎಂದದ್ದು ಒಂದು ವರ್ಷಕ್ಕೆ ಇಳಿಯಿತು. ಮೂರನೇ ತಿರುವಿಗೆ ಬೇರೆ ಯಾರನ್ನಾದರೂ ನಿಲ್ಲಿಸುವುದೆಂದೂ ಆಯಿತು.

ಹೊರಗೆ ಮೆಟ್ಟಿಲ ಮೇಲೆ ಯಶವಂತ ಕೂತಿದ್ದ.

“ಒಂದ ವರ್ಷ ಆತಪ್ಪ,” ಎಂದರು ಮಾಣಿಕಪ್ಪ.

ಅವನು ತಲೆಯಾಡಿಸಿದ. ಎದುರು ಮನೆಯ ಟ್ಯೂಷನ್ ಮಕ್ಕಳು ಗದ್ದಲ ಮಾಡುತ್ತ ಹೋದರು.

“ಆ ಜಾಗ ನನಗ ಕಂಡಿತ್ರಿ ಕಾಕಾ. ಝಂಡಾ ಹಿಡದಿದ್ದ ನಿಮ್ಮ ಕೈನೂ ಕಂಡಿತ್ತು.” ತಲೆ ಎತ್ತಿ ಅವರನ್ನು ನೋಡಿದ. “ನಾ ದಾಟಿದ್ರ, ಈ ಸಲಾನೂ ಝಂಡಾ ಎತ್ತತಿದ್ರೇನ್ರಿ?”

ಮಾಣಿಕಪ್ಪ ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ಹುಡುಕಿದರು. ಬಲಗಾಲಿನದರಲ್ಲಿ ಎಡಗಾಲು ತೂರಿಸಿದರು. ತೆಗೆದರು. ಮತ್ತೆ ಅದೇ ಕಾಲನ್ನು ಅದರಲ್ಲೇ ತೂರಿಸಿದರು.