ಪುಟ್ಟುವಿಗೆ ತನ್ನ ಹೆಸರು ಗೊತ್ತಿರಲಿಲ್ಲ

ಚಿಕ್ಕ ಮಕ್ಕಳನ್ನು ಕರೆದುಕೊಂಡು ಟೂರ್ ಹೊರಡುತ್ತೇವೆ ಅಂದರೆ ಸಾಕು, ಬೇಡ ಅನ್ನುವವರೊಬ್ಬರು ಪ್ರತಿ ಮನೆಯಲ್ಲೂ ಇದ್ದೇ ಇರುತ್ತಾರೆ. ಭದ್ರಾವತಿ ಓಲ್ಡ್ ಟೌನ್‌ನ ಈ ಮನೆಯಲ್ಲಿ ಅವರ ಹೆಸರು ಶಾಂತಮ್ಮ.

"ಇಷ್ಟುದ್ದದ ಮಗೂಗೆ ಮಲೇಷ್ಯಾ ಯಾಕೆ ಬೇಕು? ನಾಳೆ ದೊಡ್ಡವನಾದ್ಮೇಲೆ ಅವನಿಗೆ ಏನಾದ್ರೂ ನೆನಪಿರುತ್ತಾ? ದಾರೀಲಿ ವಾಂತಿ, ಹೋದಲ್ಲಿ ಊಟ ಸೇರಲ್ಲ, ವಾಪಸ್ ಬಂದ್ಮೇಲೆ ಜ್ವರ. ಸುಖವಾಗಿರೋ ಮಗೂನ ಯಾಕೆ ಅಲೆದಾಡಿಸ್ತೀರಿ?"

ಶಾಂತಮ್ಮನ ಮಗ ಸತೀಶ್, ಮಾಚೇನಹಳ್ಳಿಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟುಕೊಂಡವನು, ತಾಯಿಯ ಎದುರು ತುಟಿ ಬಿಚ್ಚುತ್ತಿರಲಿಲ್ಲ. ಸೊಸೆ ಅನುಷಾ ಮಾತ್ರ ಆಸೆ ಬಿಟ್ಟಿರಲಿಲ್ಲ. ಬೇಸಿಗೆ ರಜೆಯಲ್ಲಿ ಪಕ್ಕದ ಮನೆಯ ಮೈತ್ರಿಯವರ ಜೊತೆ ಮಲೇಷ್ಯಾಕ್ಕೆ ಹೋಗಬೇಕು, ನಾಲ್ಕು ವರ್ಷದ ಪುಟ್ಟುವಿಗೆ ಸಮುದ್ರ ತೋರಿಸಬೇಕು ಅಂತ ಅವಳ ಲೆಕ್ಕ.

ಈ ಮೈತ್ರಿಯ ವಿಷಯ ಹೇಳಲೇಬೇಕು. ಮನೆಯಲ್ಲೇ ಬ್ಲೌಸ್ ಹೊಲಿಯುವ ಹೆಂಗಸು. ಗಂಡ ಯೋಗೇಶನದು ಪೇಂಟ್ ಅಂಗಡಿ. ಮಾಲು ಚೆನ್ನಾಗಿ ಮಾರಿದ ಅಂಗಡಿಯವರನ್ನು ಕಂಪನಿಯವರು ಹೊರದೇಶಕ್ಕೆ ಕರೆದುಕೊಂಡು ಹೋಗುತ್ತಾರಲ್ಲ, ಗಂಡಸರಷ್ಟೇ ಹೋಗಿ ಚಾಕ್ಲೇಟು ಡಬ್ಬ ಹಿಡಿದು ಬರುವ ಟೂರು, ಅದರಲ್ಲಿ ಯೋಗೇಶನಿಗೂ ಎರಡು ವರ್ಷದ ಹಿಂದೆ ಒಂದು ಸೀಟು ಸಿಕ್ಕಿತ್ತು. "ನಮ್ಮಿಬ್ಬರ ಟಿಕೆಟ್ ನಾವೇ ಹಾಕ್ಕೊಳ್ತೀವಿ, ಸುಮನಾನೂ ನೋಡ್ಲಿ" ಎಂದು ಮೈತ್ರಿ ಮಗಳನ್ನೂ ಕರೆದುಕೊಂಡು ಶ್ರೀಲಂಕಾ ನೋಡಿ ಬಂದಿದ್ದಳು. ಆಗ ಸುಮನಾ ಅಂಗನವಾಡಿ ಮಗು. ಈಗ ಅವಳು ಒಂದನೇ ಕ್ಲಾಸು. ಇವತ್ತಿಗೂ ಆನೆಗಳು ಹೊಳೆಯಲ್ಲಿ ಸ್ನಾನ ಮಾಡಿದ್ದನ್ನು ಕೈ ಸೊಂಡಿಲು ಮಾಡಿಕೊಂಡು ಹೇಳುತ್ತಾಳೆ.

"ನೆನಪಿರಲ್ಲ ಅಂತೀರಲ್ಲ ಶಾಂತಮ್ಮೋರೆ, ಇವಳನ್ನ ಕೇಳಿ" ಎಂದಳು ಮೈತ್ರಿ.

"ನಿನ್ನ ಮಗಳು ಬಿಡು ಮಾರಾಯ್ತಿ, ಹುಟ್ಟುತ್ಲೇ ಮುದುಕಿ" ಎಂದರು ಶಾಂತಮ್ಮ.

ಕೊನೆಗೊಂದು ರಾಜಿ ಆಯಿತು. ಮೊದಲು ಹತ್ತಿರದಲ್ಲೇ, ಒಂದೇ ದಿನ, ತ್ಯಾವರೆಕೊಪ್ಪಕ್ಕೆ ಹೋಗಿ ಹುಲಿ ಸಿಂಹ ನೋಡಿ ಬರೋದು. ಅದು ಸರಿಯಾಗಿ ಆದರೆ ಮಲೇಷ್ಯಾ ಮಾತು. ಇಲ್ಲದಿದ್ದರೆ ಆ ಹೆಸರನ್ನು ಯಾರೂ ಎತ್ತಬಾರದು. ಅನುಷಾ ಹೂಂ ಅಂದಳು.

ಭಾನುವಾರ ಬೆಳಗ್ಗೆ ಬಾಡಿಗೆ ಟಿಟಿ ವ್ಯಾನು ಮನೆ ಮುಂದೆ ಬಂದು ನಿಂತಿತು. ಪುಟ್ಟುವಿನ ತಾತನೂ ಸೇರಿ ಎರಡೂ ಮನೆಯವರು ಹೊರಟು ನಿಂತರು. ಮೈತ್ರಿ ಎರಡೂ ಮಕ್ಕಳನ್ನು ಗಾಡಿ ಪಕ್ಕ ನಿಲ್ಲಿಸಿ ಮೊಬೈಲಲ್ಲಿ ಒಂದು ಫೋಟೋ ತೆಗೆದಳು.

"ಹೊರಡೋ ಮುಂಚೆ ಫೋಟೋ ಯಾಕೆ? ದೃಷ್ಟಿ ಆಗುತ್ತೆ" ಎಂದರು ಶಾಂತಮ್ಮ.

"ಇವತ್ತು ಯಾವ ಬಟ್ಟೆ ಹಾಕಿದ್ರು ಅಂತ ಗುರುತಿಗಿರ್ಲಿ. ಮಗು ತಪ್ಪಿಸ್ಕೊಂಡ್ರೆ ಗಾಬರೀಲಿ ನಮಗೆ ಅಂಗಿ ಬಣ್ಣಾನೂ ನೆನಪಾಗಲ್ಲ."

"ಥೂ, ಒಳ್ಳೇ ಮಾತಾಡು!"

ಅಷ್ಟಕ್ಕೆ ನಿಲ್ಲಲಿಲ್ಲ. ಮೈತ್ರಿ ಪೆನ್ನು ತೆಗೆದು ಸುಮನಾಳ ಮುಂಗೈ ಮೇಲೆ ಫೋನ್ ನಂಬರ್ ಬರೆದಳು. ಪುಟ್ಟುವಿನ ಕೈ ಹಿಡಿದುಕೊಂಡಾಗ ಶಾಂತಮ್ಮ ಅಡ್ಡ ಬಂದೇಬಿಟ್ಟರು. "ದನದ ಡಾಕ್ಟರು ಹಸುವಿನ ಕಿವಿಗೆ ನಂಬರ್ ಹೊಡೀತಾರಲ್ಲ, ಹಾಗಾಯ್ತು ಇದು! ಮನೇಲಿ ಇಷ್ಟು ಜನ ಇದೀವಿ, ಒಂದು ಮಗೂನ ನೋಡ್ಕೊಳ್ಳೋಕೆ ಆಗಲ್ವಾ?"

ಅನುಷಾ ಅತ್ತೆಯ ಮುಖ ನೋಡಿದಳು, ಮೈತ್ರಿಯ ಮುಖ ನೋಡಿದಳು. ಮಲೇಷ್ಯಾ ನೆನಪಾಯಿತೋ ಏನೋ, ಪುಟ್ಟುವನ್ನು ಗಾಡಿ ಹತ್ತಿಸಿದಳು. ಪೆನ್ನು ಬ್ಯಾಗಿಗೆ ಹೋಯಿತು.

ತ್ಯಾವರೆಕೊಪ್ಪದಲ್ಲಿ ಮೊದಲಿಗೆ ಎಲ್ಲವೂ ಸೊಗಸಾಗಿಯೇ ಆಯಿತು. ಸಫಾರಿ ಬಸ್ಸಿನ ಜಾಲರಿ ಕಿಟಕಿಯ ಪಕ್ಕದಲ್ಲೇ ಸಿಂಹವೊಂದು ಮಲಗಿತ್ತು. ಅದು ಬಾಯಿ ಪೂರ್ತಿ ತೆರೆದು ಆಕಳಿಸಿದಾಗ ಪುಟ್ಟುವೂ ಆಕಳಿಸಿದ. ಇಡೀ ಬಸ್ಸು ನಕ್ಕಿತು. ಶಾಂತಮ್ಮನಿಗೂ ನಗು ತಡೆಯಲಾಗಲಿಲ್ಲ. ಈ ಮಗುವಿನ ಕಣ್ಣು ಇಷ್ಟು ಅಗಲವಾಗಿದ್ದನ್ನು ತಾನು ಮನೆಯಲ್ಲಿ ಯಾವತ್ತಾದರೂ ನೋಡಿದ್ದೇನೆಯೇ ಎಂದು ಅವರಿಗೆ ಅನಿಸಿತು.

ಮೈತ್ರಿ ಮಕ್ಕಳನ್ನು ತಿರುಗಾಡಿಸುವ ರೀತಿಯೇ ಬೇರೆ. ಅವಸರವಿಲ್ಲ. ಆಗಾಗ ಒಂದೊಂದು ಗುಟುಕು ನೀರು, ನೆರಳು ಕಂಡಲ್ಲಿ ಕೂತು ಒಂದು ಬಾಳೆಹಣ್ಣು. ಮೃಗಾಲಯದ ಒಳಗೆ ಕಾಲಿಟ್ಟ ಕೂಡಲೇ ಸುಮನಾಳನ್ನು ನಿಲ್ಲಿಸಿ, "ತಪ್ಪಿಸ್ಕೊಂಡ್ರೆ ಏನು ಮಾಡ್ತೀ?" ಎಂದು ಕೇಳಿದಳು. ಹುಡುಗಿ ಪಾಠ ಒಪ್ಪಿಸಿದ ಹಾಗೆ ಹೇಳಿತು: "ಓಡಲ್ಲ. ಇದ್ದಲ್ಲೇ ನಿಂತ್ಕೊತೀನಿ. ಮಕ್ಕಳ ಜೊತೆ ಇರೋ ಆಂಟಿ ಹತ್ರ ನಂಬರ್ ಹೇಳ್ತೀನಿ."

ಶಾಂತಮ್ಮ ಗಂಡನ ಕಡೆ ತಿರುಗಿ, "ನೋಡ್ರೀ, ಪರೀಕ್ಷೆ ಬೇರೆ!" ಎಂದು ಕಣ್ಣು ಮಿಟುಕಿಸಿದರು.

ಜಿಂಕೆಗಳ ಹತ್ತಿರ ಪುಟ್ಟು ಅಜ್ಜಿಯ ಬೆರಳು ಹಿಡಿದಿದ್ದ. ಶಾಂತಮ್ಮನ ಚಪ್ಪಲಿಯ ಬಾರು ಕಿತ್ತಿತು. ತಾತ ಅಲ್ಲೇ ಮುಂದೆ ನಿಂತಿದ್ದರು. "ಹೋಗು ಪುಟ್ಟೂ, ತಾತನ ಹತ್ರ ಹೋಗು" ಎಂದು ಮಗುವನ್ನು ಮೆಲ್ಲಗೆ ಮುಂದೆ ತಳ್ಳಿ, ಬಗ್ಗಿ ಚಪ್ಪಲಿ ನೋಡಿಕೊಂಡರು. ಈ ಮನೆಯಲ್ಲಿ ಮಗು ಯಾವಾಗಲೂ ಹಾಗೆಯೇ ಬೆಳೆದದ್ದು. ಒಂದು ಮಡಿಲಿನಿಂದ ಇನ್ನೊಂದು ಮಡಿಲಿಗೆ. ಜಗಲಿಯಲ್ಲಿ ಅದು ನಡೆಯುತ್ತದೆ. ತಾತನಿಗೆ ಮಾತ್ರ ಮಗು ತನ್ನ ಕಡೆ ಬರುತ್ತಿದೆ ಅಂತ ಯಾರೂ ಹೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅನುಷಾ ಕೇಳಿದಳು, "ಅತ್ತೆ, ಪುಟ್ಟು ಎಲ್ಲಿ?"

"ನಿಮ್ಮ ಮಾವನ ಹತ್ರ."

"ನನ್ನ ಹತ್ರ ಎಲ್ಲಿದಾನೆ? ಸತೀಶ ಎತ್ಕೊಂಡಿರ್ಬೇಕು" ಎಂದರು ತಾತ.

ಸತೀಶ್ ಒಬ್ಬನೇ ನೀರಿನ ಬಾಟಲಿ ತುಂಬಿಸಿಕೊಂಡು ಬರುತ್ತಿದ್ದ.

ಶಾಂತಮ್ಮ ಕಿತ್ತ ಚಪ್ಪಲಿ ಅಲ್ಲೇ ಬಿಟ್ಟು ಸುತ್ತ ನೋಡಿದರು. ಎಲ್ಲಿ ನೋಡಿದರೂ ಮಕ್ಕಳು, ತಮ್ಮ ಮಗು ಮಾತ್ರ ಇಲ್ಲ. ಮೈತ್ರಿ ಸುತ್ತ ಕಣ್ಣಾಡಿಸಿ, "ಸುಮನಾನೂ ಕಾಣ್ತಿಲ್ಲ" ಎಂದಳು. "ಅನುಷಾ, ನೀನು ಇಲ್ಲೇ ನಿಲ್ಲು, ಅವ್ರೇ ವಾಪಸ್ ಬಂದ್ರೆ ಯಾರಾದ್ರೂ ಇರ್ಬೇಕು. ಸತೀಶಣ್ಣ, ನೀವು ಗೇಟಿಗೆ ಹೋಗಿ. ಮಕ್ಕಳು ಹೊರಗೆ ಹೋಗ್ದಿರೋ ಹಾಗೆ ನೋಡ್ಕೊಳ್ಳಿ." ಇಷ್ಟು ಹೇಳಿ ಮೊಬೈಲ್ ಕೈಯಲ್ಲಿ ಹಿಡಿದೇ ಮುಂದಿನ ದಾರಿಗೆ ಓಡಿದಳು. ಯೋಗೇಶ್ ಇನ್ನೊಂದು ಕಡೆ ಹೋದ.

ಶಾಂತಮ್ಮ ಬರಿಗಾಲಲ್ಲೇ ಓಡಿ ಎದುರಿಗೆ ಸಿಕ್ಕ ಗಾರ್ಡನ್ನು ಹಿಡಿದರು. ಪಾಪ, ಒಳ್ಳೆಯ ಮನುಷ್ಯ. ತಕ್ಷಣ ವಾಕಿಟಾಕಿ ಕೈಗೆತ್ತಿಕೊಂಡ.

"ಹೆದರ್ಬೇಡಿ ತಾಯಿ, ಹುಡುಕೋಣ. ಮಗೂ ಹೆಸರೇನು?"

"ಪುಟ್ಟು."

"ಅದು ಮನೇಲಿ ಕರಿಯೋದು. ಇಲ್ಲಿ ಇವತ್ತು ಎಲ್ಲಾ ಪುಟ್ಟುಗಳೇ. ನಿಜವಾದ ಹೆಸರು ಹೇಳಿ."

ಶಾಂತಮ್ಮನ ಬಾಯಿ ಕಟ್ಟಿಹೋಯಿತು.

ಕಾರಣ ಇದು. ಅವರ ಗಂಡನ ಹೆಸರು ಶಿವಯೋಗಪ್ಪ. ಮದುವೆಯಾದ ದಿನದಿಂದ ಆ ಹೆಸರನ್ನಾಗಲಿ, ಅದರ ಮೊದಲರ್ಧವನ್ನಾಗಲಿ ಶಾಂತಮ್ಮ ಬಾಯಲ್ಲಿ ತಂದವರಲ್ಲ. ಪಂಚಾಕ್ಷರಿಯನ್ನೂ ಮನಸ್ಸಿನಲ್ಲೇ ಜಪಿಸುವ ಹೆಂಗಸು. ಪಕ್ಕದ ಊರನ್ನು ಎಲ್ಲರೂ ಶಿವಮೊಗ್ಗ ಅಂದರೂ ಅವರ ಬಾಯಲ್ಲಿ ಅದು ಶಿಮೊಗ್ಗವೇ. ಮೊಮ್ಮಗನಿಗೆ ತಾತನ ಹೆಸರಿನ ನೆನಪಿಗೆ ಶಿವಾಂಶ್ ಅಂತ ಇಟ್ಟರು ನೋಡಿ, ನಾಮಕರಣದ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಉಸುರಿದ್ದೇ ಕೊನೆ. ಅಜ್ಜಿ ಕರೆಯುವ ಹಾಗಿಲ್ಲ. ಅಜ್ಜಿಯ ಎದುರು ಸೊಸೆಯೂ ಕರೆಯಲಿಲ್ಲ. ಮಗನಿಗೂ ಅದೇ ರೂಢಿಯಾಯಿತು. ಇನ್ನೂ ಸ್ಕೂಲಿಗೆ ಸೇರದ ಮಗು ಪುಟ್ಟು ಆಗಿಯೇ ಉಳಿಯಿತು.

"ಹೇಳಿ ತಾಯಿ, ಹೊತ್ತು ಹೋಗ್ತಿದೆ!"

ಶಾಂತಮ್ಮ ಕಣ್ಣು ಮುಚ್ಚಿಕೊಂಡರು. "ಶಿವಾಂಶ್" ಎಂದರು. ಒಮ್ಮೆ ಹೇಳಿದ್ದೇ ತಡ, ಕಟ್ಟೆ ಒಡೆದ ಹಾಗಾಯಿತು. "ಶಿವಾಂಶ್! ಏ ಶಿವಾಂಶ್!" ಎಂದು ಬೇಲಿ ಉದ್ದಕ್ಕೂ ಕೂಗುತ್ತಾ ನಡೆದರು.

"ಯಾವ ಅಂಗಿ?" ಗಾರ್ಡ್ ಹಿಂದಿನಿಂದ ಕೂಗಿದ.

"ಕೆಂಪು... ಅಲ್ಲಪ್ಪ, ಕೆಂಪು ನಿನ್ನೆದು. ಅಯ್ಯೋ ದೇವರೇ, ನಂಗೆ ಗೊತ್ತಾಗ್ತಿಲ್ಲ!"

ಫೋಟೋ ಇದ್ದದ್ದು ಮೈತ್ರಿಯ ಮೊಬೈಲಿನಲ್ಲಿ. ಆ ಮೊಬೈಲ್ ಅಷ್ಟು ಹೊತ್ತಿಗೆ ರಿಂಗಾಯಿತು. ಗುರುತಿಲ್ಲದ ನಂಬರ್.

"ನೀವು ಸುಮನಾನ ತಾಯೀನಾ? ನಿಮ್ಮ ಮಗಳು ನಮ್ಮ ಹತ್ರ ಇದಾಳೆ. ಜೊತೆಗೊಂದು ಗಂಡು ಮಗು. ನವಿಲಿನ ಹತ್ರ ಇದೀವಿ, ಬನ್ನಿ. ಇಬ್ರೂ ಆರಾಮಾಗಿದಾರೆ."

ಅಲ್ಲಿಗೆ ಎಲ್ಲರೂ ಏದುಸಿರು ಬಿಡುತ್ತಾ ಹೋದಾಗ, ಶಿಕಾರಿಪುರದ ಕಡೆಯ ಹೆಂಗಸೊಬ್ಬಳು ತನ್ನ ಮಕ್ಕಳ ಸಾಲಿನಲ್ಲೇ ಇವರಿಬ್ಬರನ್ನೂ ಕೂರಿಸಿಕೊಂಡು ಮಂಡಕ್ಕಿ ತಿನ್ನಿಸುತ್ತಿದ್ದಳು. ಸುಮನಾ ಪುಟ್ಟುವಿನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು. ಅಂಗಿ ಹಳದಿ ಬಣ್ಣದ್ದು.

ನಡೆದದ್ದಿಷ್ಟು. ನವಿಲಿನ ಕೂಗು ಕೇಳಿ ಪುಟ್ಟು ತಾತನನ್ನು ದಾಟಿ ಓಡಿದ್ದ. ಅವನು ಒಬ್ಬನೇ ಹೋಗುವುದನ್ನು ಕಂಡು ಸುಮನಾ ಹಿಂದೆಯೇ ಓಡಿದ್ದಳು. ತಿರುಗಿ ನೋಡಿದರೆ ಗುರುತಿನವರು ಯಾರೂ ಇಲ್ಲ.

ಆ ಹೆಂಗಸು ಹಣೆ ಚಚ್ಚಿಕೊಂಡು ನಗುತ್ತಿದ್ದಳು. "ಈ ಹುಡುಗೀನ ಎಷ್ಟು ಹೊಗಳಿದ್ರೂ ಸಾಲ್ದು ಕಣಮ್ಮ. ಅಳ್ಲಿಲ್ಲ, ಓಡ್ಲಿಲ್ಲ. 'ಆಂಟಿ, ನಾವು ತಪ್ಪಿಸ್ಕೊಂಡಿದೀವಿ, ಅಮ್ಮಂಗೆ ಫೋನ್ ಮಾಡಿ' ಅಂದ್ಲು. ಕೈ ಮೇಲೆ ಬರೆದಿದ್ದು ಬೆವರಿಗೆ ಅರ್ಧ ಅಳಿಸಿತ್ತು. ಬಾಯಿಪಾಠ ಹೇಳಿದ್ಲು. ನಿಮ್ಮ ಈ ಮಹಾರಾಯನನ್ನ ಹೆಸರು ಕೇಳಿದ್ರೆ ಪುಟ್ಟು. ಅಪ್ಪನ ಹೆಸರು ಪಪ್ಪ. ಊರು ನಮ್ಮನೆ! ಆಮೇಲೆ ಗಾರ್ಡ್ ಒಬ್ರು ಬಂದು 'ನೀನು ಶಿವಾಂಶಾ?' ಅಂತ ಕೇಳಿದ್ರು. 'ಅಲ್ಲ' ಅಂತ ತಲೆ ಅಲ್ಲಾಡಿಸ್ದ. ನಾನು ಫೋನಲ್ಲಿದ್ದೆ, ಕರೆಯೋಷ್ಟ್ರಲ್ಲಿ ಅವ್ರು ಹಾಗೇ ಮುಂದೆ ಹೋಗ್ಬಿಟ್ರು."

ಶಾಂತಮ್ಮ ಮೊಮ್ಮಗನನ್ನು ಎದೆಗೆ ಒತ್ತಿಕೊಂಡಿದ್ದರು. ಕೊನೆಯ ಮಾತು ಕೇಳಿ ಅವರ ತೋಳಿನ ಬಿಗಿ ಇನ್ನಷ್ಟು ಹೆಚ್ಚಾಯಿತು. ಹುಡುಕುವವರು ಮಗುವಿನ ಎದುರಿಗೇ ಬಂದು ಹೆಸರು ಹಿಡಿದು ಕೇಳಿದ್ದಾರೆ. ಅದು ತನ್ನ ಹೆಸರು ಅಂತ ಮಗುವಿಗೇ ಗೊತ್ತಿಲ್ಲ.

ವಾಪಸ್ ಬರುವಾಗ ಟಿಟಿಯಲ್ಲಿ ಪುಟ್ಟು ಸಿಂಹದ ಆಕಳಿಕೆಯನ್ನು ಎಲ್ಲರಿಗೂ ಮತ್ತೆ ಮತ್ತೆ ತೋರಿಸುತ್ತಿದ್ದ. ಮಾಚೇನಹಳ್ಳಿ ದಾಟುವಾಗ ಅನುಷಾ ಮೆಲ್ಲಗೆ ಹೇಳಿದಳು.

"ಅತ್ತೆ, ಮಲೇಷ್ಯಾ ಬೇಡ. ನಾನಿನ್ನು ಕೇಳಲ್ಲ."

"ಯಾಕೆ ಕೇಳಲ್ಲ?" ಶಾಂತಮ್ಮ ಗದರಿದರು. "ತಪ್ಪು ಸಿಂಹದ್ದಾ? ಊರಿನದ್ದಾ? ಕೈ ಬಿಟ್ಟಿದ್ದು ನಾನು. ಆ ಹುಡುಗಿ ನೋಡು, ಸಮುದ್ರ ದಾಟಿ ಬಂದಿದೆ, ಎಷ್ಟು ಧೈರ್ಯ! ಹಾಗೆ ಬೆಳೀಬೇಕು ಮಕ್ಕಳು. ಮೈತ್ರೀ, ನೀನು ಅವಳಿಗೆ ಕಲಿಸಿದ್ದನ್ನ ಇವನಿಗೂ ಕಲ್ಸು ಮಾರಾಯ್ತಿ. ಇವನು ಹೆಸರು ಹೇಳೋದು ಕಲೀಲಿ, ಆಮೇಲೆ ಹೊರಡಿ."

"ನಾನಲ್ಲ ಶಾಂತಮ್ಮೋರೆ, ನೀವೇ ಕಲಿಸ್ಬೇಕು. ದಿನಾ ಕರೆದ್ರೆ ತಾನೇ ಮಗೂಗೆ ಹೆಸರು ಹಿಡಿಯೋದು?"

ಮಾರನೇ ದಿನ ಬೆಳಗ್ಗೆ ಓಲ್ಡ್ ಟೌನ್‌ನ ಆ ಬೀದಿಗೆಲ್ಲ ಕೇಳುವ ಹಾಗೆ ಒಂದು ಕೂಗು ಎದ್ದಿತು. "ಶಿವಾಂಶ್! ದೋಸೆ ತಣ್ಣಗಾಗ್ತಿದೆ, ಬಾರೋ!"

ಒಳಗಿದ್ದ ಶಿವಯೋಗಪ್ಪ ಪೇಪರ್ ಕೆಳಗಿಟ್ಟರು. "ಏ ಇವಳೇ, ಯಾರನ್ನ ಕರೆದೆ?"

"ನಿಮ್ಮನ್ನಲ್ಲ, ಸುಮ್ನೆ ಕೂತ್ಕೊಳ್ಳಿ. ನಿಮ್ದಿನ್ನೂ ಅರ್ಧ ಬಾಕಿ ಇದೆ."

ಸುಮನಾ ಸಾಯಂಕಾಲ ಟೀಚರಾಗಿ ಬರುತ್ತಿದ್ದಳು. ಜಗಲಿ ಮೆಟ್ಟಿಲು ಹಾರುವ ಆಟದಲ್ಲಿ, ಒಂದೊಂದು ಜಿಗಿತಕ್ಕೆ ಫೋನ್ ನಂಬರಿನ ಒಂದೊಂದು ಅಂಕಿ. ಪುಟ್ಟುವಿಗೆ ಅದು ಆಟ. ಅಂಕಿ ತಪ್ಪಿದರೆ ಮೊದಲಿನಿಂದ ಹಾರಬೇಕು. ವಾರ ಕಳೆಯುವುದರೊಳಗೆ ಕಿರಾಣಿ ಅಂಗಡಿಯವರು ಸುಮ್ಮನೆ "ಏನೋ ಮರಿ" ಅಂದದ್ದಕ್ಕೆ ಅವನು ನೆಟ್ಟಗೆ ನಿಂತು, "ನಾನು ಶಿವಾಂಶ್. ಅಪ್ಪ ಸತೀಶ್, ಅಮ್ಮ ಅನುಷಾ. ಓಲ್ಡ್ ಟೌನ್, ಭದ್ರಾವತಿ" ಎಂದು ಹೇಳಿ, ಹಾರುತ್ತಾ ನಂಬರನ್ನೂ ಒಪ್ಪಿಸಿದ. ಶಾಂತಮ್ಮ ಅಂಗಡಿಯಲ್ಲಿದ್ದವರನ್ನೆಲ್ಲ ಒಂದು ಸುತ್ತು ಹೆಮ್ಮೆಯಿಂದ ನೋಡಿದರು.

ಬೆನ್ನ ಹಿಂದಿದ್ದ ಸುಮನಾ ಸೆರಗು ಜಗ್ಗಿದಳು. "ಅಜ್ಜಿ, ಮಲೇಷ್ಯಾದಲ್ಲಿ ನೀವು ತಪ್ಪಿಸ್ಕೊಂಡ್ರೆ?"

"ನಾನ್ಯಾಕೆ ಬರ್ಲಿ ಮಲೇಷ್ಯಾಕ್ಕೆ?"

"ಅನುಷಾ ಆಂಟಿ ನಿಮ್ಮ ಪಾಸ್‌ಪೋರ್ಟಿಗೂ ಅರ್ಜಿ ಕೊಡ್ತಾರಂತೆ. ಹೇಳಿ, ನಂಬರ್ ಏನು?"

ಶಾಂತಮ್ಮ ಬಾಯಿ ತೆರೆದರು. ಅವರಿಗೆ ಮಗನ ನಂಬರೂ ಗೊತ್ತಿರಲಿಲ್ಲ, ಸೊಸೆಯದೂ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಫೋಟೋ ಒತ್ತಿದರೆ ಫೋನ್ ಹೋಗುತ್ತಿತ್ತು, ಅಷ್ಟೇ.

ಶಿವಾಂಶ್ ಅಜ್ಜಿಯ ಬೆರಳು ಹಿಡಿದು ಮನೆ ಮೆಟ್ಟಿಲ ಹತ್ತಿರ ಕರೆದುಕೊಂಡು ಬಂದ. "ಹಾರು ಅಜ್ಜಿ" ಎಂದ. ಶಾಂತಮ್ಮ ಬೀದಿಯ ಆ ಕಡೆ ಈ ಕಡೆ ನೋಡಿ, ಸೀರೆಯ ನಿರಿಗೆ ಎತ್ತಿ ಹಿಡಿದು, ಮೊದಲ ಅಂಕಿ ಹಾರಿದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮಕ್ಕಳನ್ನು ಊರು ತೋರಿಸಲು ಧಾರಾಳವಾಗಿ ಕರೆದುಕೊಂಡು ಹೋಗಿ. ತ್ಯಾವರೆಕೊಪ್ಪವಾಗಲಿ, ಹೊರದೇಶವಾಗಲಿ, ನೋಡಿದಷ್ಟೂ ಮಕ್ಕಳು ಅರಳುತ್ತಾರೆ. ಹೊರಡುವ ಮುಂಚೆ ನಿಮ್ಮ ಮಗುವನ್ನು ಹತ್ತಿರ ಕೂರಿಸಿಕೊಂಡು, "ನಿನ್ನ ಹೆಸರೇನು?" ಎಂದು ಕೇಳಿ. ಮನೆಯವರು ಕರೆಯುವ ಮುದ್ದಿನ ಹೆಸರು ಬಂದರೆ, ಪೂರ್ತಿ ಹೆಸರನ್ನು ಇವತ್ತಿನಿಂದಲೇ ಕರೆಯಲು ಶುರು ಮಾಡಿ. ಅಪ್ಪ ಅಮ್ಮನ ಹೆಸರು, ಒಂದು ಫೋನ್ ನಂಬರ್ ಆಟದಲ್ಲೇ ಕಲಿಸಿ. ಮಗು ಕಲಿಯಲಾರದಷ್ಟು ಚಿಕ್ಕದಿದ್ದರೆ ನಂಬರ್ ಬರೆದ ಚೀಟಿಯನ್ನು ಜೇಬಿನ ಒಳಗೆ ಹೊಲಿದುಬಿಡಿ. ಹೊರಡುವ ದಿನದ ಬಟ್ಟೆಯಲ್ಲೇ ಒಂದು ಫೋಟೋ ಇರಲಿ. ಮಗುವನ್ನು ಇನ್ನೊಬ್ಬರಿಗೆ ಒಪ್ಪಿಸುವಾಗ ಬಾಯಿಬಿಟ್ಟು ಹೇಳಿ, ಅವರು "ಹೂಂ, ಹಿಡ್ಕೊಂಡೆ" ಅನ್ನುವ ತನಕ ಪುಟ್ಟ ಕೈ ಬಿಡಬೇಡಿ.