ರಾಮಲಕ್ಷ್ಮಮ್ಮನ ಹೆಸರು, ಎಲ್ಲರ ಅಕ್ಷರ

ಅಂಗಡಿಗೆ ಬೋರ್ಡು ಮಾಡಿಸಿದವರಿಗೆ, ಮಗಳ ಮದುವೆಗೆ ಕಾರ್ಡು ಹೊಡೆಸಿದವರಿಗೆ, ಸಂಘಕ್ಕೆ ಬ್ಯಾನರ್ ಬರೆಸಿದವರಿಗೆ ಈ ಕಷ್ಟ ಗೊತ್ತು. ನಾವು ಕೊಟ್ಟ ಹೆಸರು ಒಂದು, ಅಲ್ಲಿ ಬಂದದ್ದು ಇನ್ನೊಂದು. ಕೆಲವು ಸಲ ಅಕ್ಷರ ಇರಬೇಕಾದ ಕಡೆ ಬರೀ ಖಾಲಿ ಚೌಕಗಳು ಸಾಲಾಗಿ ನಿಂತಿರುತ್ತವೆ. ಆಗ ಎಲ್ಲರೂ "ಕಂಪ್ಯೂಟರ್ ಮಿಸ್ಟೇಕು" ಎಂದು ಕೈ ತೊಳೆದುಕೊಳ್ಳುತ್ತಾರೆ. ಪಾಪ, ಕಂಪ್ಯೂಟರ್ ಏನು ಮಾಡೀತು? ನಾವು ಅದಕ್ಕೆ ಸರಿಯಾದ ಫಾಂಟು ಕೊಟ್ಟಿರುವುದಿಲ್ಲ. ಫಾಂಟು ಎಂದರೆ ಬೇರೇನಲ್ಲ, ಕಂಪ್ಯೂಟರಿನೊಳಗೆ ಇಟ್ಟುಕೊಳ್ಳುವ ಅಕ್ಷರಗಳ ಅಚ್ಚು.

ನಮ್ಮ ಕೊಡಿಗೇಹಳ್ಳಿಯ ಲಕ್ಷ್ಮಿದೇವಮ್ಮನ ಮನೆಯಲ್ಲೂ ಹೀಗೇ ಆಯಿತು.

ಲಕ್ಷ್ಮಿದೇವಮ್ಮನ ಮಹಿಳಾ ಸಂಘ ರಾಗಿ ಹುರಿಹಿಟ್ಟು ಮಾಡುತ್ತದೆ. ರಾಗಿಯನ್ನು ನೆನೆಸಿ, ಆರಿಸಿ, ಅರಳುವ ಹಾಗೆ ಹುರಿದು ಬೀಸಿಸಿದ ಹಿಟ್ಟು. ಸಹಕಾರನಗರದ ಪಾರ್ಕಿಗೆ ವಾಕಿಂಗ್ ಬರುವವರೆಲ್ಲ ಅದನ್ನು ಹುಡುಕಿಕೊಂಡು ಬರುತ್ತಾರೆ. ಸುಮ್ಮನೆ ಹೊಗಳುತ್ತಿಲ್ಲ, ನಾನೂ ತಿಂದಿದ್ದೇನೆ. ಆ ಹುರಿಹಿಟ್ಟಿಗೆ ಯಶವಂತಪುರ ರೈಲು ನಿಲ್ದಾಣದಲ್ಲಿ ಒಂದು ಮಳಿಗೆ ಸಿಕ್ಕಿತು. ರೈಲಿಗೆ ಬರುವವರು ಹತ್ತೂರಿನವರು. ಪ್ಯಾಕೆಟ್ಟಿನ ಮೇಲೆ ಹೆಸರು ಕನ್ನಡದ ಜೊತೆಗೆ ತೆಲುಗು, ತಮಿಳು, ಹಿಂದಿ, ಇಂಗ್ಲಿಷಿನಲ್ಲೂ ಇರಲಿ ಎಂದು ಸಂಘದವರು ತೀರ್ಮಾನ ಮಾಡಿದರು.

ಯಾರ ಹೆಸರು? ಅದರಲ್ಲಿ ಚರ್ಚೆಯೇ ಇರಲಿಲ್ಲ. ಲಕ್ಷ್ಮಿದೇವಮ್ಮನ ಅತ್ತೆ ರಾಮಲಕ್ಷ್ಮಮ್ಮನದು. ಸಂಘದ ಹೆಂಗಸರಿಗೆಲ್ಲ ಹುರಿಯುವ ಹದ ಹೇಳಿಕೊಟ್ಟವರು ಅವರೇ.

ರಾಮಲಕ್ಷ್ಮಮ್ಮ ಒಪ್ಪಿದರು. ಆದರೆ ಒಂದು ಮಾತು ಹೇಳಿದರು.

"ನನ್ ಎಸ್ರು ನಾನೇ ಓದೋ ಅಂಗಿರ್ಬೇಕು."

ಮಗ ಚಿಕ್ಕಬೈರಪ್ಪನವರು ತಾಯಿಯ ಮುಖ ನೋಡಿದರು. "ನಿಂಗೆ ಓದಕ್ ಬತ್ತದಾ ಅವ್ವಾ?"

"ಬತ್ತದೆ ಕಣ್ಲಾ. ತೆಲುಗು. ಇಂದೂಪುರದಾಗೆ ಎಲ್ಡನೇ ಕ್ಲಾಸು ಓದಿವ್ನಿ. ನೀವ್ ಯಾರೂ ಕೇಳ್ನಿಲ್ಲ, ನಾನೂ ಏಳ್ನಿಲ್ಲ."

ಹಿಂದೂಪುರದ ಕಡೆಯಿಂದ ಸೊಸೆಯಾಗಿ ಬಂದ ಆಕೆಗೆ ಇಲ್ಲಿ ಸಿಕ್ಕ ಕಾಗದವೆಲ್ಲ ಕನ್ನಡದ್ದು. ಲಿಪಿ ಹತ್ತಿರದ್ದಾದರೂ ತಲೆಕಟ್ಟು ಬೇರೆ, ಅದನ್ನು ಓದಲು ಬಾರದೆ ಎಲ್ಲದಕ್ಕೂ ಹೆಬ್ಬೆಟ್ಟು ಒತ್ತಿದರು. ಅಕ್ಷರ ಗೊತ್ತಿದ್ದ ಹೆಂಗಸನ್ನು ಇಡೀ ಊರು ಓದು ಬಾರದವಳು ಎಂದುಕೊಂಡಿತ್ತು.

ಮೊಮ್ಮಗ ಮಹೇಂದ್ರ ಉತ್ಸಾಹದಲ್ಲಿ ಓಡಾಡಿದ. ಸ್ನೇಹಿತನ ಪೆನ್‌ಡ್ರೈವಿನಿಂದ ಒಂದು ಚಂದದ ಫಾಂಟು ತಂದು, ಯಶವಂತಪುರದಲ್ಲಿ ಪ್ರೆಸ್ ಇಟ್ಟಿರುವ ಮುಜಫ್ಫರ್ ಅವರಿಗೆ ಕೊಟ್ಟ. ಮಾದರಿ ಹಾಳೆ ಮನೆಗೆ ಬಂತು. ಕನ್ನಡದ ಹೆಸರು ಚೆನ್ನಾಗಿಯೇ ಇತ್ತು. ಅದರ ಕೆಳಗೆ ತೆಲುಗು ಇರಬೇಕಾದ ಕಡೆ ಖಾಲಿ ಚೌಕಗಳು.

ರಾಮಲಕ್ಷ್ಮಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಚೌಕದ ಮೇಲೆ ಬೆರಳಾಡಿಸಿದರು.

"ಇಷ್ಟೊಂದ್ ಕಿಟಕಿ ಮಡಗಿದ್ದೀಯಲ್ಲೋ ಮಯೇಂದ್ರಾ, ಒಬ್ರೂ ಇಣುಕ್ತಾ ಇಲ್ವಲ್ಲ!"

ಎಲ್ಲರೂ ನಕ್ಕರು. ಅವರು ನಗಲಿಲ್ಲ. "ಬುಡು. ನನ್ ಎಸ್ರು ಬ್ಯಾಡ. ಬ್ಯಾರೆ ಏನಾರ ಆಕ್ಕಳಿ," ಎಂದು ಹಾಳೆ ಪಕ್ಕಕ್ಕಿಟ್ಟು ಎದ್ದರು.

ಲಕ್ಷ್ಮಿದೇವಮ್ಮ ಆ ಹಾಳೆ ಎತ್ತಿಕೊಂಡರು. "ಏನೋ ಇದು?" ಎಂದು ಮಗನನ್ನು ಹಿಡಿದುಕೊಂಡರು.

"ಅಮ್ಮಾ, ಈ ಫಾಂಟಲ್ಲಿ ಕನ್ನಡ ಬಿಟ್ರೆ ಬೇರೆ ಭಾಷೆನೇ ಇಲ್ವಂತೆ. ಅದೂ ಅಲ್ದೆ ಮುಜಫ್ಫರಣ್ಣ ಇದರ ಲೈಸೆನ್ಸ್ ಎಲ್ಲಪ್ಪಾ ಅಂದ್ರು. ಪೆನ್‌ಡ್ರೈವಲ್ಲಿ ಸಿಕ್ತು ಅಂದೆ. ಹಂಗಾದ್ರೆ ನಾನು ಪ್ರಿಂಟ್ ಹಾಕಲ್ಲ ಅಂದ್ಬಿಟ್ರು."

ಅದೇ ಹೊತ್ತಿಗೆ ಹುರಿಹಿಟ್ಟು ಕೊಳ್ಳಲು ನಯನಾ ಬಂದಳು. ಸಹಕಾರನಗರದ ಹುಡುಗಿ, ಹೆಬ್ಬಾಳದ ಒಂದು ಆಫೀಸಿನಲ್ಲಿ ಪುಸ್ತಕಗಳ ಪುಟ ಜೋಡಿಸುವ ಕೆಲಸ. ಮಾದರಿ ಹಾಳೆ ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು.

"ಆಂಟಿ, ಇದಕ್ಯಾಕೆ ಇಷ್ಟು ತಲೆಬಿಸಿ? ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್ ಎಲ್ಲಾ ಒಂದೇ ಅಳತೆಗೆ, ಒಂದೇ ರೀತಿಗೆ ಬರೆದಿರೋ ಫಾಂಟ್‌ಗಳಿವೆ. ಉಚಿತ. ನಾನು ಕೆಲಸದಲ್ಲಿ ದಿನಾ ಬಳಸ್ತೀನಿ."

ಉಚಿತ ಎಂಬ ಮಾತು ಬಿದ್ದದ್ದೇ ತಡ, ಚಿಕ್ಕಬೈರಪ್ಪನವರು ಓದುತ್ತಿದ್ದ ಪೇಪರ್ ಮಡಿಚಿಟ್ಟರು. ಈ ಮನುಷ್ಯನ ಸ್ವಭಾವ ಸ್ವಲ್ಪ ಹೇಳಿಬಿಡುತ್ತೇನೆ. ಹೊಲಗಳೆಲ್ಲ ಲೇಔಟ್ ಆಗುವುದನ್ನು ಕಣ್ಣಾರೆ ಕಂಡವರು. ಏನೇ ಎದುರಿಗೆ ಬಂದರೂ ಅವರ ಮೊದಲ ಪ್ರಶ್ನೆ ಖಾತೆಯದು, ಆಸ್ತಿ ಯಾರ ಹೆಸರಿನಲ್ಲಿದೆ ಎಂಬುದು. ಮಗಳಿಗೆ ಗಂಡು ನೋಡುವಾಗಲೂ ಜಾತಕ ಆಮೇಲೆ, ಖಾತೆ ಮೊದಲು.

"ಅದು ಯಾರ ಖಾತೇಲೈತಮ್ಮಾ?"

"ಬರೆದೋರ ಹೆಸರಲ್ಲೇ ಇದೆ ಅಂಕಲ್. ಎಲ್ಲರೂ ಬಳಸ್ಕೊಳ್ಳಿ ಅಂತ ಅವರೇ ಲೈಸೆನ್ಸ್ ಕೊಟ್ಟಿದ್ದಾರೆ. ಓಪನ್ ಫಾಂಟ್ ಲೈಸೆನ್ಸ್ ಅಂತ."

"ಬಿಟ್ಟಿ ಅನ್ನು. ನಮ್ಮವ್ವನ್ ಎಸ್ರಿಗೆ ಬಿಟ್ಟಿ ಅಕ್ಷರವಾ? ಈ ಊರಾಗೆ ಬಿಟ್ಟಿ ಸಿಕ್ಕಿದ್ ಜಾಗಕ್ಕೆಲ್ಲ ಕೋರ್ಟಾಗೆ ಕೇಸೈತೆ."

"ಕೇಸಿಗೆ ದಾರಿ ಅಂದ್ರೆ ಆ ಪೆನ್‌ಡ್ರೈವ್ ಅಂಕಲ್. ಯಾರೋ ಮಾರೋ ಫಾಂಟನ್ನ ಇನ್ಯಾರೋ ಕಾಪಿ ಮಾಡ್ಕೊಂಡಿರ್ತಾರೆ. ಅದನ್ನ ನಾವು ವ್ಯಾಪಾರಕ್ಕೆ ಹಾಕಿದ್ರೆ ತಪ್ಪು ನಮ್ಮ ಮೇಲೆ ಬರುತ್ತೆ. ಇದಕ್ಕಾದ್ರೆ ಕಾಗದ ಇದೆ."

ಕಾಗದ ಎಂದ ಕೂಡಲೇ ಚಿಕ್ಕಬೈರಪ್ಪನವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ನಯನಾ ಲ್ಯಾಪ್‌ಟಾಪ್ ತೆರೆದು ಫಾಂಟಿನ ಜೊತೆಗೇ ಇದ್ದ ಲೈಸೆನ್ಸ್ ತೋರಿಸಿದಳು.

"ಅದು ಇಂಗ್ಲಿಷು. ನೀನೇ ಏಳು, ಏನ್ ಮಾಡ್ಬೌದು?"

"ಪ್ಯಾಕೆಟ್, ಬೋರ್ಡು, ಪುಸ್ತಕ, ವೆಬ್‌ಸೈಟು, ಏನಕ್ಕಾದ್ರೂ ಹಾಕ್ಕೊಳ್ಳಿ. ವ್ಯಾಪಾರಕ್ಕೂ ಸರಿ. ಯಾರ ಅಪ್ಪಣೆನೂ ಬೇಡ, ದುಡ್ಡೂ ಬೇಡ. ಪ್ಯಾಕೆಟ್ ಮೇಲೆ ಅವರ ಹೆಸರು ಹಾಕ್ಲೇಬೇಕು ಅಂತಾನೂ ಇಲ್ಲ."

"ಏನ್ ಮಾಡ್ಬಾರ್ದು? ಅದೇಳು ಮೊದ್ಲು."

"ಫಾಂಟ್ ಒಂದನ್ನೇ ತಗೊಂಡು ಮಾರಾಟಕ್ಕೆ ಇಡ್ಬಾರ್ದು. ಬೇರೆಯವರಿಗೆ ಫಾಂಟ್ ಕೊಟ್ರೆ ಬರೆದೋರ ಹೆಸರು, ಈ ಲೈಸೆನ್ಸ್ ಎರಡೂ ಜೊತೇಲೇ ಹೋಗ್ಬೇಕು. ಅಕ್ಷರ ತಿದ್ದಿ ಹೊಸ ಫಾಂಟ್ ಮಾಡಿ ಹಂಚಿದ್ರೆ, ಅದನ್ನೂ ಇದೇ ಲೈಸೆನ್ಸಲ್ಲಿ ಕೊಡ್ಬೇಕು. ಅವರು ಹೆಸರು ಕಾದಿರಿಸಿಕೊಂಡಿದ್ರೆ ನಾವು ಬೇರೆ ಹೆಸರಿಡ್ಬೇಕು. ಅಷ್ಟೇ."

ಚಿಕ್ಕಬೈರಪ್ಪನವರು ಮೆಲ್ಲಗೆ ಹೇಳಿದರು. "ನಮ್ಮೂರ್ ಗೋಮಾಳಾನೂ ಇಂಗೇ, ಎಲ್ರುದೂ ಅಂದ್ರು. ನಮ್ ದನ ಮೇಯ್ತಿದ್ ಜಾಗದಾಗೆ ಈಗ ಲಿಫ್ಟ್ ಓಡಾಡ್ತೈತೆ."

ಆ ಮಾತಿನಲ್ಲಿ ನೋವಿತ್ತು. ನಯನಾ ಅದನ್ನು ತಳ್ಳಿಹಾಕಲಿಲ್ಲ.

"ನಿಜ ಅಂಕಲ್. ಅದಕ್ಕೇ ಈ ಷರತ್ತು. ಯಾರೋ ಒಬ್ಬರು ತಗೊಂಡು, ನಾಲ್ಕು ಅಕ್ಷರ ತಿದ್ದಿ, ಇನ್ಮೇಲೆ ಇದು ನಂದು ಅಂತ ಬೇಲಿ ಹಾಕೋ ಹಾಗಿಲ್ಲ. ಎಲ್ಲರದ್ದು ಎಲ್ಲರದ್ದಾಗೇ ಇರ್ಲಿ ಅಂತಾನೇ ಬರೆದಿಟ್ಟಿದ್ದಾರೆ."

"ಆದ್ರೂ... ನಾಳೆ ಯಲಹಂಕದ ಜ್ಯೋತಿಲಕ್ಷ್ಮಿ ಅವ್ಳ್ ಅಪ್ಪಳದ ಪ್ಯಾಕೆಟ್ಗೂ ಇದೇ ಅಕ್ಷರ ಆಕ್ಕಂತಾಳೆ. ಆಗ ನಮ್ದೇನ್ ಎಚ್ಚುಗಾರಿಕೆ?"

ಈ ನಡುವೆ ಒಲೆ ನೋಡಲು ಒಳಗೆ ಹೋಗಿದ್ದ ಲಕ್ಷ್ಮಿದೇವಮ್ಮ ಸೌಟು ಹಿಡಿದೇ ಹೊರಗೆ ಬಂದರು.

"ಅಲ್ಲಾ ಕಣ್ರೀ, ನಾನೊಂದ್ ಕೇಳ್ತೀನಿ, ಹೇಳಿ. ನಮ್ಮನೆ ಮೊಸರಿನ ಹೆಪ್ಪು ಯಾರ ಖಾತೇಲೈತೆ?"

ಚಿಕ್ಕಬೈರಪ್ಪನವರು ಹೆಂಡತಿಯ ಕಡೆ ತಿರುಗಿದರು.

"ಹೋದ್ ತಿಂಗಳು ಹೆಪ್ಪು ಕೆಟ್ಟಾಗ ಪಕ್ಕದ ಹನುಮಯ್ಯನೋರ ಮನೆಯಿಂದ ತಂದೆ. ಅವರಿಗೆ ಇನ್ಯಾರ್ ಕೊಟ್ಟಿದ್ರೋ! ಆ ಹೆಪ್ಪಲ್ಲಿ ಮೊಸರು ಮಾಡಿ, ಮಜ್ಜಿಗೆ ಮಾರ್ಕೊಂಡ್ರೂ ಯಾರೂ ಏನೂ ಅನ್ನಲ್ಲ. ಹೆಪ್ಪನ್ನೇ ಮಾರಕ್ಕೆ ಕೂತ್ರೆ ಮುಖಕ್ಕೆ ಉಗೀತಾರೆ. ಅವರೂ ಮೊಸರು ಮಾಡ್ತಾರೆ, ನಾವೂ ಮಾಡ್ತೀವಿ. ಅದಕ್ಕೆ ನಮ್ಮನೆ ಮೊಸರಿನ ರುಚಿ ಕಮ್ಮಿ ಆಯ್ತಾ? ಹೆಪ್ಪು ಬಿಟ್ಟಿ ಬಂದಿದ್ದು ಅಂತ ನೀವ್ ಯಾವತ್ತಾದ್ರೂ ಮೊಸರನ್ನ ಬೇಡ ಅಂದಿದ್ದೀರಾ?"

ಮಹೇಂದ್ರ ಬಿದ್ದು ಬಿದ್ದು ನಕ್ಕ. ಚಿಕ್ಕಬೈರಪ್ಪನವರೂ ನಗು ತಡೆಯಲಾರದೆ ತಾಯಿಯ ಕಡೆ ತಿರುಗಿದರು. "ಏನಂತೀಯವ್ವಾ?"

"ನಂಗೆ ಖಾತೆ ಕಟ್ಕೊಂಡ್ ಏನಾಗ್ಬೇಕ್ಲಾ? ಓದಕ್ ಬೇಕು."

ನಯನಾ ಆಗಲೇ ಹೊಸ ಫಾಂಟಿನಲ್ಲಿ ಹೆಸರು ಟೈಪ್ ಮಾಡಿದ್ದಳು. ಲ್ಯಾಪ್‌ಟಾಪನ್ನು ರಾಮಲಕ್ಷ್ಮಮ್ಮನ ಮುಂದೆ ತಿರುಗಿಸಿದಳು. ಮೇಲೆ ಕನ್ನಡದಲ್ಲಿ ಹೆಸರು, ಅದರ ಕೆಳಗೆ ಅಷ್ಟೇ ದಪ್ಪಗೆ, ಅಷ್ಟೇ ದುಂಡಗೆ ತೆಲುಗಿನಲ್ಲಿ ಹೆಸರು. ರಾಮಲಕ್ಷ್ಮಮ್ಮ ಬೆರಳಿಟ್ಟು ಓದಿದರು. "ರಾ... ಮ... ಲ... ಕ್ಷ್ಮ... ಮ್ಮ." ಇನ್ನೊಂದು ಸಲ ಓದಿದರು. ಮೂರನೆಯ ಸಲ ಗಟ್ಟಿಯಾಗಿ, ಒಂದೇ ಉಸಿರಿನಲ್ಲಿ ಓದಿದರು.

"ಇದೇ ಕಣ್ರವ್ವಾ. ನಮ್ಮಪ್ಪ ಸ್ಲೇಟಿನ್ ಮ್ಯಾಲೆ ಬರ್ದು ಕೊಟ್ಟಿದ್ದು ಇಂಗೇ."

ಚಿಕ್ಕಬೈರಪ್ಪನವರ ಕಣ್ಣಲ್ಲಿ ನೀರು ಬಂತು. ತಾಯಿಯ ಬಗ್ಗೆ ಅವರಿಗೆ ಅಷ್ಟು ಹೆಮ್ಮೆಯಾದದ್ದು ಅದೇ ಮೊದಲು. ಅದನ್ನು ಅವರೇ ನನ್ನ ಹತ್ತಿರ ಹೇಳಿದರು.

ಮಹೇಂದ್ರ ಆ ದಿನವೇ ಪೆನ್‌ಡ್ರೈವಿನ ಫಾಂಟನ್ನು ಅಳಿಸಿದ. ಹೊಸದನ್ನು ಅದರ ತಯಾರಕರ ಪುಟದಿಂದಲೇ ಇಳಿಸಿಕೊಂಡ. ನಯನಾ ಎಚ್ಚರಿಸಿದಳು. "ಉಚಿತ ಅಂತ ಕಂಡಿದ್ದೆಲ್ಲ ಇಂಥದ್ದಲ್ಲ ಕಣೋ. ಕೆಲವಕ್ಕೆ ಸ್ವಂತ ಬಳಕೆಗೆ ಮಾತ್ರ ಅಂತ ಇರುತ್ತೆ. ಅವನ್ನ ವ್ಯಾಪಾರಕ್ಕೆ ಹಾಕೋ ಹಾಗಿಲ್ಲ. ಮೊದಲು ಲೈಸೆನ್ಸ್ ಓದು." ಮುಜಫ್ಫರ್ ಲೈಸೆನ್ಸ್ ನೋಡಿ, "ಈಗ ಆಯ್ತಪ್ಪ, ನಾನೂ ನೆಮ್ಮದಿಯಾಗಿ ಮೆಷಿನ್ ಓಡಿಸ್ತೀನಿ," ಎಂದರು.

ಜ್ಯೋತಿಲಕ್ಷ್ಮಿ ಆ ಫಾಂಟನ್ನು ಕೇಳಿಯೇ ಕೇಳಿದಳು. ಕಳಿಸಿಕೊಟ್ಟವರು ಯಾರು ಗೊತ್ತೆ? ಸಾಕ್ಷಾತ್ ಚಿಕ್ಕಬೈರಪ್ಪನವರು. "ಫಾಂಟ್ ಜತೆ ಕಾಗದಾನೂ ಕಳ್ಸಿವ್ನಿ. ನೀನು ಇನ್ಯಾರ್ಗಾರ ಕೊಟ್ರೆ ಎಲ್ಡೂ ಸೇರ್ಸೇ ಕೊಡು. ಮಾರ್ಬ್ಯಾಡ," ಎಂದು ಫೋನಿನಲ್ಲಿ ಜಬರ್ದಸ್ತಾಗಿ ಹೇಳಿದರು.

ಮಳಿಗೆ ತೆರೆದ ದಿನ ರಾಮಲಕ್ಷ್ಮಮ್ಮ ಹಸಿರು ರೇಷ್ಮೆ ಸೀರೆಯುಟ್ಟು ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ರೈಲಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಪ್ಯಾಕೆಟ್ ಎತ್ತಿಕೊಂಡು ತೆಲುಗಿನ ಸಾಲನ್ನು ಓದಿದಳು. ಆಮೇಲೆ ಈಕೆ ಯಾರು ಎಂದು ಲಕ್ಷ್ಮಿದೇವಮ್ಮನನ್ನು ತೆಲುಗಿನಲ್ಲೇ ಕೇಳಿದಳು.

"ಈ ರಾಮಲಕ್ಷ್ಮಮ್ಮ ಎವರಂಡೀ?"

ಲಕ್ಷ್ಮಿದೇವಮ್ಮ ಉತ್ತರ ಕೊಡುವ ಮೊದಲೇ ಅತ್ತೆ ಕುರ್ಚಿಯಿಂದ ಎದ್ದು ನಿಂತರು.

"ನೇನೇನಮ್ಮಾ," ಎಂದರು. ನಾನೇ ಕಣಮ್ಮ.

ಅಕ್ಕಂದಿರೇ, ಅಣ್ಣಂದಿರೇ, ನೀವೂ ನಾಳೆ ಬೋರ್ಡು ಬರೆಸುತ್ತೀರಿ, ಪ್ಯಾಕೆಟ್ ಹೊಡೆಸುತ್ತೀರಿ, ಸಂಘದ ಪತ್ರಿಕೆ ತರುತ್ತೀರಿ. ಯಾರದೋ ಪೆನ್‌ಡ್ರೈವಿಗೆ ಕೈಯೊಡ್ಡಬೇಡಿ. ಎಲ್ಲರಿಗಾಗಿ ಬರೆದಿಟ್ಟ ಅಕ್ಷರಗಳಿವೆ, ತಲೆಯೆತ್ತಿ ಬಳಸಿ. ಇಳಿಸಿಕೊಳ್ಳುವ ಮೊದಲು ಲೈಸೆನ್ಸ್ ಓದಿ, ಅರ್ಥವಾಗದಿದ್ದರೆ ತಿಳಿದವರಿಂದ ಓದಿಸಿ. ಇನ್ನೊಬ್ಬರಿಗೆ ಕೊಡುವಾಗ ಬರೆದವರ ಹೆಸರನ್ನೂ ಲೈಸೆನ್ಸನ್ನೂ ಬಿಡದೆ ಕೊಡಿ. ಮತ್ತೆ ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಅಜ್ಜಿಯನ್ನೋ, ಅತ್ತೆಯನ್ನೋ, ಪಕ್ಕದ ಮನೆಯವರನ್ನೋ ಒಂದು ಮಾತು ಕೇಳಿ: ನಿಮಗೆ ಯಾವ ಅಕ್ಷರ ಓದಲು ಬರುತ್ತದೆ? ಅವರು ಹೇಳಿದ ಅಕ್ಷರದಲ್ಲಿ ಅವರ ಹೆಸರನ್ನು ದೊಡ್ಡದಾಗಿ ಬರೆದು ಅವರ ಕೈಗೆ ಕೊಡಿ.